ಮೇಜಿನ ಮೇಲಿನ ನೆರಳು

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ್ದೇ ತಪ್ಪಾಯಿತು ಎಂದು ಅವಳಿಗೆ ಅನ್ನಿಸಿತು. ನಿಂತಿದ್ದರೆ ಕಂಬಿ ಹಿಡಿಯುವುದು, ಯಾರದೋ ಮೊಣಕೈ ತಪ್ಪಿಸುವುದು, ಚೀಲ ಸಂಭಾಳಿಸುವುದು ಅಂತ ಮನಸ್ಸಿಗೆ ಒಂದಿಷ್ಟು ಕೆಲಸವಿರುತ್ತಿತ್ತು. ಈಗ ಮಡಿಲಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಹನ್ನೊಂದು ಹಾಳೆ, ಅದರ ಮೇಲೆ ಅವಳ ಎರಡು ಕೈ. ಹತ್ತೂವರೆಗೆ ಸೆಮಿನಾರ್. ಏಳನೆಯ ಹಾಳೆಯ ಮಧ್ಯದಲ್ಲಿ ಒಂದು ಸುಳ್ಳಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. ಟೈಪು ಮಾಡಿಕೊಟ್ಟ ಮಗಳಿಗೂ ಗೊತ್ತಿಲ್ಲ. ಆ ಪ್ಯಾರಾ ಬಂದಾಗ ಮಗಳು ಬೆರಳು ನಿಲ್ಲಿಸಿ, "ಅಮ್ಮ, ಎಷ್ಟು ಚೆನ್ನಾಗಿದೆ ಇದು! ನೀನೇ ಬರೆದಿದ್ದಾ?" ಅಂದಿದ್ದಳು. "ಇಲ್ಲ ಕಣೆ, ನಮ್ಮ ಮೇಡಮ್ ಪುಸ್ತಕದ್ದು." "ಹಾಗಾದ್ರೆ ಕೋಟ್ ಹಾಕ್ಬೇಕಲ್ವಾ?" "ಹಾಕು." ಎರಡು ಕಡೆ ಉದ್ಧರಣ ಚಿಹ್ನೆ ಬಿದ್ದ ಕೂಡಲೇ ಸುಳ್ಳು ತನ್ನದಲ್ಲ, ಬೇರೆಯವರದು ಎಂಬಂತೆ ಒಂದು ಗಳಿಗೆ ಎದೆ ಹಗುರವಾಗಿತ್ತು.

ನಲವತ್ತಾರನೆಯ ವಯಸ್ಸಿಗೆ ಕಲಾ ಇತಿಹಾಸದ ಬಿ.ಎ.ಗೆ ಸೇರಿದವಳು ಅವಳು. ಈಗ ನಲವತ್ತೊಂಬತ್ತು, ಕೊನೆಯ ವರ್ಷ. ಮ್ಯೂಸಿಯಂನಲ್ಲಿ ಅಟೆಂಡರ್ ಕೆಲಸ. ಕಾಲೇಜಿನ ದಿನ ಮಧ್ಯಾಹ್ನದ ಪಾಳಿ ಕೇಳಿ ಹಾಕಿಸಿಕೊಂಡಿದ್ದಾಳೆ. ಮೀಟರ್ ರೀಡರ್ ಆಗಿರುವ ಗಂಡನಿಗೆ ಇದೊಂದು ತೀರದ ತಮಾಷೆ. "ನೋಡ್ರಪ್ಪಾ ಇವಳನ್ನ, ಚಿತ್ರ ನೋಡ್ತಾ ಕೂತ್ಕೋ ಅಂತ ಸಂಬಳ ಕೊಡ್ತಾರೆ, ಅದೇ ಚಿತ್ರ ನೋಡೋದಕ್ಕೆ ಫೀಸೂ ಕಟ್ಟಿ ಬರ್ತಾಳೆ," ಎಂದು ಬಂದವರಿಗೆಲ್ಲ ಹೇಳುತ್ತಾನೆ. ಹೇಳುವಾಗ ಹೆಮ್ಮೆಯೂ ಇರುತ್ತದೆ, ಅದು ಅವಳಿಗೆ ಗೊತ್ತು. ಮೊದಲನೆಯ ದಿನ ತರಗತಿಯ ಬಾಗಿಲಲ್ಲಿ ನಿಂತಾಗ ಕಿವಿಗೆ ಓಲೆ ಹಾಕಿಕೊಂಡಿದ್ದ ಒಬ್ಬ ಹುಡುಗ, "ಆಂಟಿ, ಪ್ರೊಜೆಕ್ಟರ್ ಆನ್ ಆಗ್ತಿಲ್ಲ, ಸ್ವಲ್ಪ ನೋಡಿ," ಅಂದಿದ್ದ. ಅವಳು ನೋಡಿದ್ದಳು. ಪ್ಲಗ್ಗು ಸಡಿಲವಾಗಿತ್ತು, ಒತ್ತಿದಳು, ಬೆಳಕು ಬಂತು. ಆಮೇಲೆ ಹೋಗಿ ಮೊದಲ ಬೆಂಚಿನಲ್ಲಿ ಕೂತಾಗ ಹಿಂದಿನಿಂದ ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಆ ಹುಡುಗ ಈಗಲೂ ಅವಳನ್ನು ಕಂಡರೆ ಅರ್ಧ ಎದ್ದು ನಿಲ್ಲುತ್ತಾನೆ. ಮೂರು ವರ್ಷದಿಂದ ಆ ಅರ್ಧ ಎದ್ದು ನಿಲ್ಲುವಿಕೆಯನ್ನು ನೋಡಿದಾಗಲೆಲ್ಲ ಅವಳಿಗೆ ಪ್ಲಗ್ಗು ನೆನಪಾಗುತ್ತದೆ, ಅವನಿಗೂ ಆಗುತ್ತದೆ, ಇಬ್ಬರೂ ಸೇರಿ ಅದನ್ನು ಹೊತ್ತುಕೊಂಡು ತಿರುಗುತ್ತಿರುವ ಹಾಗೆ.

ಅವಳು ಸೆಮಿನಾರಿಗೆ ಆರಿಸಿಕೊಂಡ ಚಿತ್ರ ದೊಡ್ಡದೇನಲ್ಲ. ಮ್ಯೂಸಿಯಂನ ಒಂಬತ್ತನೆಯ ಕೋಣೆಯಲ್ಲಿ, ಕಿಟಕಿಗೆ ಎದುರಿನ ಗೋಡೆಯ ಮೇಲೆ, ಎರಡು ಗೇಣು ಅಗಲ, ಒಂದೂವರೆ ಗೇಣು ಎತ್ತರ. ಅಡುಗೆಮನೆ. ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಒಲೆಯ ಕಡೆ ನಿಂತಿದ್ದಾಳೆ, ಒಂದು ಕೈ ಹಿಂದಕ್ಕೆ ಚಾಚಿ ಮೇಜನ್ನು ತಡಕುತ್ತಿದೆ. ಮೇಜಿನ ಮೇಲೆ ಒಂದು ಬಟ್ಟಲು, ಒಂದು ಚಾಕು, ಚಾಕುವಿನ ಈಚೆ ಒಂದು ಪುಟ್ಟ ನೆರಳು. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷ ಆ ನೆರಳಿನ ಪಕ್ಕ ಒಂದು ಬೆಳ್ಳುಳ್ಳಿ ಎಸಳಿತ್ತು. ಕಿರುಬೆರಳಿನ ಉಗುರಿನಷ್ಟು. ಸಿಪ್ಪೆ ಅರ್ಧ ಬಿಚ್ಚಿತ್ತು. ದಿನಕ್ಕೆ ಏಳು ಗಂಟೆ ಎದುರಿಗೆ ಕೂತರೆ ಮನುಷ್ಯರು ಏನನ್ನಾದರೂ ಹಚ್ಚಿಕೊಳ್ಳುತ್ತಾರೆ. ಅವಳು ಆ ಎಸಳನ್ನು ಹಚ್ಚಿಕೊಂಡಿದ್ದಳು. ಹೆಂಗಸಿನ ಕೈಗೆ ಈಗ ಸಿಕ್ಕೀತು, ಇನ್ನೊಂದು ಚೂರು ಈಚೆ, ಇನ್ನೊಂದು ಚೂರು, ಎಂದು ಮನಸ್ಸಿನಲ್ಲೇ ದಾರಿ ಹೇಳುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ, ಬಾಗಿಲು ತೆರೆಯುವ ಮುಂಚೆ, ಎಸಳಿನ ಮೇಲೆ ನೊಣದ ಹಿಕ್ಕೆ ಕಂಡಿತು. ಕರಿ ಚುಕ್ಕೆ. ನಿಯಮ ಗೊತ್ತಿತ್ತು: ಮುಟ್ಟಬಾರದು, ಕಚೇರಿಗೆ ತಿಳಿಸಬೇಕು. ತಿಳಿಸಿದರೆ ಅವರು ಪತ್ರ ಬರೆದು, ಆ ಪತ್ರ ಎಲ್ಲೆಲ್ಲೋ ಅಲೆದು, ಆರು ತಿಂಗಳು ಆ ಹಿಕ್ಕೆಯನ್ನು ನೋಡುತ್ತ ಕೂರಬೇಕು. ಅವಳು ಕರ್ಚೀಫಿನ ತುದಿಯನ್ನು ನಾಲಿಗೆಗೆ ತಾಗಿಸಿ ಮಗಳ ಕೆನ್ನೆ ಒರೆಸುತ್ತಿದ್ದ ಹಾಗೆ ಒರೆಸಿದಳು. ಹಿಕ್ಕೆ ಬಂತು. ಇನ್ನೊಮ್ಮೆ ಒರೆಸಿದಳು, ಯಾಕೆ ಇನ್ನೊಮ್ಮೆ ಒರೆಸಿದೆ ಎಂದು ಹನ್ನೊಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದಾಳೆ. ಕರ್ಚೀಫು ನೋಡಿಕೊಂಡಾಗ ಅದರ ಮೇಲೆ ಬೆಳ್ಳಗೆ, ತುಸು ಹಳದಿಯಾಗಿ ಒಂದು ಕಲೆ. ಮೇಜಿನ ಮೇಲೆ ನೆರಳು ಮಾತ್ರ.

ಆಮೇಲೆ ಅವಳು ಸಿಕ್ಕಿಬೀಳುವುದಕ್ಕೆ ಕಾದಳು. ಪ್ರತಿ ಹೆಜ್ಜೆ ಸಪ್ಪಳಕ್ಕೂ ಎದ್ದು ನಿಂತಳು. ವರ್ಷಕ್ಕೊಮ್ಮೆ ಪಟ್ಟಿ ಹಿಡಿದು ತಪಾಸಣೆಗೆ ಬರುವ ಗುಮಾಸ್ತ ಬಂದ. ಗೋಡೆಯ ಮೇಲೆ ಚೌಕಟ್ಟು ಇದೆಯೇ ಎಂದು ನೋಡಿ, ನಿಂತಲ್ಲೇ "ಸ್ಥಿತಿ: ಚೆನ್ನಾಗಿದೆ" ಎಂದು ಬರೆದುಕೊಂಡು, "ಈ ಕೋಣೆ ತಂಪಾಗಿದೆ ಅಕ್ಕ, ಪುಣ್ಯ ಮಾಡಿದ್ದೀರಿ," ಅಂದು ಹೋದ. ಮರುವರ್ಷವೂ ಚೆನ್ನಾಗಿದೆ. ಶಾಲೆ ಮಕ್ಕಳು ಬಂದರು, ಪ್ರವಾಸಿಗಳು ಬಂದರು, ಚಿತ್ರದ ಮುಂದೆ ಮೂರು ಸೆಕೆಂಡು, ನಾಲ್ಕು ಸೆಕೆಂಡು. ಯಾರೂ ನೋಡುವುದೇ ಇಲ್ಲ ಎಂಬುದು ಗೊತ್ತಾದಾಗ ಅವಳಿಗೆ ಭಯಕ್ಕಿಂತ ಅವಮಾನವೇ ಹೆಚ್ಚಾಯಿತು, ತನಗೋ ಎಸಳಿಗೋ ಹೇಳಲಾರಳು. ಎರಡು ವರ್ಷ ಕಳೆದ ಮೇಲೆ ಒಬ್ಬರು ಬಂದು ನೋಡಿದರು. ಕತ್ತರಿಸಿದ ನರೆಗೂದಲು, ಕೊರಳಲ್ಲಿ ದಾರಕ್ಕೆ ತೂಗುವ ಭೂತಗನ್ನಡಿ. ಒಂದು ಗಂಟೆ ಇಪ್ಪತ್ತು ನಿಮಿಷ ಅಲುಗಾಡದೆ ನೋಡಿದರು. ಕೊನೆಗೆ ಅವಳ ಕಡೆ ತಿರುಗಿ, "ಇಲ್ಲೊಂದು ನೆರಳಿದೆ ನೋಡಿ, ಇದು ಯಾವುದರ ನೆರಳು?" ಅಂದರು. ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಯಾರೋ ಟಾಯ್ಲೆಟ್ ಎಲ್ಲಿ ಎಂದು ಕೇಳಿದರು. ಎಡಕ್ಕೆ ಹೋಗಿ ಬಲಕ್ಕೆ ಎಂದು ಹೇಳಿದರೆ ಸಾಕಿತ್ತು, ಅವಳು ತಾನೇ ಜೊತೆಗೆ ಹೋಗಿ ತೋರಿಸಿ, ಅಲ್ಲೇ ಕೈತೊಳೆಯುವ ಬೇಸಿನ್ನಿನ ಮುಂದೆ ಹತ್ತು ನಿಮಿಷ ನಿಂತಳು.

ಆ ಭೂತಗನ್ನಡಿಯವರೇ ಪ್ರೊಫೆಸರ್ ಮೇಡಮ್. ಆ ನೆರಳಿನ ಮೇಲೆಯೇ ಅವರು ಪುಸ್ತಕ ಬರೆದರು. ಅವರ ವಾದ ಇದು: ಚಿತ್ರ ಬರೆದವನು ಬೇಕೆಂದೇ ವಸ್ತುವನ್ನು ಬಿಟ್ಟು ನೆರಳನ್ನು ಮಾತ್ರ ಬರೆದ. ಆ ಹೆಂಗಸು ಜೀವಮಾನವಿಡೀ ತಡಕಿದ್ದು ಇಲ್ಲದ್ದನ್ನು. ಬೆನ್ನು ಮಾಡಿ ನಿಂತವಳಿಗೆ ಅದು ಗೊತ್ತಿಲ್ಲ, ನೋಡುವ ನಮಗೆ ಗೊತ್ತು, ಆ ಅರಿವೇ ಈ ಚಿತ್ರದ ದುಃಖ. ಪುಸ್ತಕಕ್ಕೆ ಹೆಸರು ಬಂತು. ಜನ ಆ ಕೋಣೆಗೆ ಬಂದು ನೆರಳಿನ ಮುಂದೆ ನಿಲ್ಲತೊಡಗಿದರು. ಪ್ರೊಫೆಸರ್ ಬಂದಾಗಲೆಲ್ಲ ಅವಳ ಜೊತೆ ಮಾತಾಡುತ್ತಿದ್ದರು, ಯಾವ ಹೊತ್ತಿಗೆ ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು, ಅವಳು ಪಿ.ಯು.ಸಿ. ಮುಗಿಸಿದ್ದಾಳೆಂದು ತಿಳಿದಾಗ ಅರ್ಜಿ ಫಾರಂ ಅವರೇ ತಂದುಕೊಟ್ಟರು. "ನಿಮ್ಮಷ್ಟು ನೋಡಿದವರು ಈ ಊರಲ್ಲಿ ಇನ್ನೊಬ್ಬರಿಲ್ಲ. ನೋಡಿದ್ದನ್ನ ಹೇಳೋದಷ್ಟೇ ಕಲೀಬೇಕು ನೀವು," ಅಂದಿದ್ದರು. ಉಪಕಾರ ಎಂಬುದು ಎಂಥ ಬಿಗಿಯಾದ ಗಂಟು ಎಂದು ಅವಳಿಗೆ ಗೊತ್ತಾದದ್ದು ಫೀಸು ಕಟ್ಟಿದ ಸಂಜೆ.

ತರಗತಿ ತುಂಬಿತ್ತು. ಪರದೆಯ ಮೇಲೆ ಚಿತ್ರ ಗೋಡೆಯಷ್ಟಾಗಿತ್ತು, ನೆರಳು ಅವಳ ಅಂಗೈಯಷ್ಟು. ಅವಳು ಓದತೊಡಗಿದಳು. ಅಳತೆ, ಬಣ್ಣ, ಬೆಳಕು ಬರುವ ದಿಕ್ಕು. ತನ್ನ ದನಿ ತನಗೇ ಯಾರೋ ಸಾಕ್ಷಿ ಹೇಳುತ್ತಿರುವ ಹಾಗೆ ಕೇಳುತ್ತಿತ್ತು. ಪ್ರೊಫೆಸರ್ ಮೊದಲ ಬೆಂಚಿನಲ್ಲಿ, ಅವಳು ದಿನವೂ ಕೂರುವ ಜಾಗದಲ್ಲೇ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಆರನೆಯ ಹಾಳೆ ಮುಗಿಯಿತು. ಏಳನೆಯದರ ಮೊದಲ ಸಾಲು ಓದಿದಳು, ಎರಡನೆಯದು ಓದಿದಳು, ಉದ್ಧರಣ ಚಿಹ್ನೆ ಬಂತು. ಆ ಎರಡು ಪುಟ್ಟ ಗೆರೆಗಳನ್ನು ದಾಟಲು ಆಗಲಿಲ್ಲ.

"ಓದಿ, ನಿಧಾನವಾಗಿ ಓದಿ, ಹೊತ್ತಿದೆ," ಅಂದರು ಪ್ರೊಫೆಸರ್.

"ಅಲ್ಲಿ ಬೆಳ್ಳುಳ್ಳಿ ಎಸಳಿತ್ತು," ಅಂದಳು.

ಎಲ್ಲರೂ ಪರದೆಯ ಕಡೆ ನೋಡಿದರು. ಆಮೇಲೆ ನಗು. ಓಲೆಯ ಹುಡುಗ, "ಅಡುಗೆಮನೆ ಅಂದ್ಮೇಲೆ ಇರ್ಲೇಬೇಕಲ್ಲ ಆಂಟಿ," ಅಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅವಳನ್ನು ಪಾರು ಮಾಡಲು ಅಂದದ್ದು. ಪ್ರೊಫೆಸರ್ ಎದ್ದು ನಿಂತು ತರಗತಿಯ ಕಡೆ ತಿರುಗಿದರು. "ನಗಬೇಡಿ. ಹತ್ತೊಂಬತ್ತು ವರ್ಷ ಒಂದೇ ಚಿತ್ರದ ಮುಂದೆ ಕೂತ ಕಣ್ಣು ಖಾಲಿ ಜಾಗಾನ ಹೇಗೆ ತುಂಬಿಕೊಳ್ಳುತ್ತೆ ನೋಡಿ. ಈರುಳ್ಳಿ ಅಲ್ಲ, ನಿಂಬೆಹಣ್ಣಲ್ಲ. ಬೆಳ್ಳುಳ್ಳಿ, ಅದರಲ್ಲೂ ಒಂದು ಎಸಳು! ನೀವು ಮೂರು ವರ್ಷದಲ್ಲಿ ಹೀಗೆ ಒಂದು ಮಾತು ಆಡಿದ್ದೀರಾ?" ಯಾರೋ ಚಪ್ಪಾಳೆ ಶುರುಮಾಡಿದರು, ಎಲ್ಲರೂ ತಟ್ಟಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಅವಳು ಕೇಳಿದ್ದಳು. ಚಪ್ಪಾಳೆ ತಟ್ಟಿದರೆ ಏನು ಮಾಡಬೇಕೆಂದು ಗಾದೆಯಲ್ಲಿರಲಿಲ್ಲ. ಉಳಿದ ನಾಲ್ಕು ಹಾಳೆ ಓದಿದಳೋ ಬಿಟ್ಟಳೋ, ಬೆಂಚಿಗೆ ಹೇಗೆ ಬಂದಳೋ ತಿಳಿಯಲಿಲ್ಲ. ಪಕ್ಕದ ಹುಡುಗಿ ಅವಳ ಕೈ ಒತ್ತಿ, "ಸೂಪರ್ ಆಂಟಿ," ಅಂದಳು. ಆ ಕೈಯನ್ನು ಒರೆಸಿಕೊಳ್ಳಬೇಕು ಅನ್ನಿಸಿ ನಾಚಿಕೆಯಾಯಿತು.

ಇಲ್ಲಿಗೆ ಬಿಡಬಹುದಿತ್ತು. ಹೇಳಿಯಾಯಿತು, ಕೇಳದಿದ್ದರೆ ತನ್ನ ತಪ್ಪೇ? ಕಾರಿಡಾರಿನ ಕೊನೆಯ ತನಕ ಹೀಗೆಯೇ ವಾದಿಸುತ್ತ ಹೋದಳು. ಕೆಲಸ ಹೋಗಬಹುದು. ಪಿಂಚಣಿಗೆ ಇನ್ನು ಹನ್ನೊಂದು ವರ್ಷ. ಮಗಳ ನರ್ಸಿಂಗು ಇನ್ನೂ ಮುಗಿದಿಲ್ಲ. ನೀರಿನ ಫಿಲ್ಟರಿನ ಮುಂದೆ ಲೋಟ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಹಿಡಿದುಕೊಂಡೇ ನಿಂತಿದ್ದವಳು, ಲೋಟ ಮಗುಚಿಟ್ಟು ಹಿಂದಕ್ಕೆ ಬಂದು ಪ್ರೊಫೆಸರ್ ಕೋಣೆಯ ಬಾಗಿಲು ತಟ್ಟಿದಳು.

ಅವರು ಕಿತ್ತಳೆ ಸುಲಿಯುತ್ತಿದ್ದರು. "ಬನ್ನಿ ಬನ್ನಿ. ಆ ಪೇಪರ್ ಪಕ್ಕಕ್ಕಿಟ್ಟು ಕೂತ್ಕೊಳ್ಳಿ." ಕುರ್ಚಿಯ ಮೇಲೆ ಉತ್ತರಪತ್ರಿಕೆಗಳಿದ್ದವು. ಅವಳು ಕೂರಲಿಲ್ಲ.

"ಮೇಡಮ್, ನಾನು ಊಹೆ ಮಾಡಿ ಹೇಳಿದ್ದಲ್ಲ. ಎಸಳು ನಿಜವಾಗ್ಲೂ ಇತ್ತು. ನೊಣದ ಹಿಕ್ಕೆ ಬಿದ್ದಿತ್ತು ಅಂತ ನಾನು ಎಂಜಲು ಹಚ್ಚಿ ಒರೆಸಿದೆ. ಎಸಳೂ ಬಂದ್ಬಿಡ್ತು. ನೀವು ಮೊದಲ ಸಲ ಬರೋದಕ್ಕೆ ಎರಡು ವರ್ಷ ಮುಂಚೆ."

ಪ್ರೊಫೆಸರ್ ಕಿತ್ತಳೆಯ ತೊಳೆಯೊಂದನ್ನು ಬಾಯಿಗೆ ಇಡಲು ಹೋದವರು ಹಾಗೆಯೇ ಹಿಡಿದುಕೊಂಡರು. "ಎಣ್ಣೆಬಣ್ಣ ಎಂಜಲಿಗೆ ಬರಲ್ಲ," ಅಂದರು.

"ಬಂತು ಮೇಡಮ್."

"ಬರಲ್ಲ ಅಂತೀನಿ ನಾನು." ದನಿ ಏರಿತು, ಕೂಡಲೇ ಇಳಿಯಿತು. ತಮಗೆ ತಾವೇ ಎಂಬಂತೆ ಹೇಳಿಕೊಂಡರು: "ಎಣ್ಣೆಬಣ್ಣ ಆಗಿರದಿದ್ರೆ ಬರಬಹುದು. ಎಲ್ಲಾ ಮುಗಿದ ಮೇಲೆ ನೀರುಬಣ್ಣದಲ್ಲಿ ಒಂದು ಹನಿ ಇಟ್ಟಿದ್ರೆ. ಅವನೇ ಇಟ್ಟನೋ, ಇನ್ನಾರಾದ್ರೂ ಇಟ್ಟರೋ... ಆ ಕರ್ಚೀಫ್ ಎಲ್ಲಿ?"

"ಒಗೆದೆ. ಅವತ್ತೇ."

"ಒಗೆದ್ರಿ." ತೊಳೆಯನ್ನು ಸಿಪ್ಪೆಯ ಮೇಲೆ ಇಟ್ಟು, ಕೈ ಒರೆಸಿಕೊಂಡು, ಎದ್ದು ಕಿಟಕಿಗೆ ಹೋದರು. ಅವಳಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನಿಂದಲೇ ಮಾತು ಬಂತು. "ಒರೆಸಿದ್ದು ಅಚಾತುರ್ಯ. ಯಾರಿಂದಲಾದ್ರೂ ಆಗುತ್ತೆ. ನಮ್ಮಮ್ಮ ಇದ್ದಿದ್ರೆ ಇಡೀ ಚಿತ್ರಾನ ಸೋಪು ಹಾಕಿ ತಿಕ್ಕಿರೋಳು. ಆದ್ರೆ ಮೂರು ವರ್ಷ ಮುಂದಿನ ಬೆಂಚಲ್ಲಿ ಕೂತು, ನಾನು ಆ ನೆರಳಿನ ಬಗ್ಗೆ ಪಾಠ ಮಾಡ್ತಿದ್ರೆ, ನೀವು ನೋಟ್ಸ್ ಬರ್ಕೊಂಡ್ರಲ್ಲ. ಅದಕ್ಕೆ ಏನಂತಾರೆ?"

ಹೆದರಿಕೆ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಕೆಲಸ, ಸಂಬಳ, ಮಗಳು, ಉಪಕಾರ, ಎಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಆದರೆ ಬಾಯಿಂದ ಬಂದದ್ದು ಬೇರೆ. "ನೀವು ಹೇಳಿದ್ದು ನಂಗೆ ಇಷ್ಟವಾಗೋಯ್ತು ಮೇಡಮ್. ಎಸಳು ಇದ್ದಾಗ ಅದು ಬರೀ ಒಂದು ಅಡುಗೆಮನೆ. ನೀವು ಹೇಳಿದ ಮೇಲೆ ನಾನು ಅದರ ಮುಂದೆ ಕೂತು ಅತ್ತಿದ್ದೀನಿ."

ಪ್ರೊಫೆಸರ್ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಗಳಿಸಿಕೊಂಡು ಅಭ್ಯಾಸವಾದವರು ತಮ್ಮ ಹೊಗಳಿಕೆಯಲ್ಲೇ ಹುಳ ಕಂಡಾಗ ಆಗುವ ಮುಖ ಅದು, ಒಮ್ಮೆಗೇ ಮುದುಕಿಯದಾಗಿತ್ತು. "ಕಾಗದದಲ್ಲಿ ಬರೆದು ಮ್ಯೂಸಿಯಂ ಆಫೀಸಿಗೆ ಕೊಡಿ," ಅಂದರು. "ಒಂದು ಪ್ರತಿ ನನಗೆ. ಸೆಮಿನಾರಿನ ಅಂಕ ಹಾಕಿಯಾಯ್ತು, ಅದನ್ನ ತಿದ್ದಲ್ಲ. ಈಗ ಹೋಗಿ. ಬಾಗಿಲು ಎಳ್ಕೊಳ್ಳಿ."

ಮ್ಯೂಸಿಯಂ ಎದುರಿನ ಪಾರ್ಕಿನ ಬೆಂಚಿನ ಮೇಲೆ ಕೂತು ಅವಳು ಬರೆದಳು. ಕಾಲೇಜಿನಲ್ಲಿ ಕಲಿತ ಹಾಗೆ ಕ್ರಮವಾಗಿ: ಕೋಣೆ, ಚಿತ್ರದ ಸಂಖ್ಯೆ, ಜಾಗ, ಗಾತ್ರ, ದಿನ, ಕಾರಣ. "ನನ್ನ ಅಜಾಗ್ರತೆಯಿಂದ" ಎಂದು ಬರೆದು ಹೊಡೆದು ಹಾಕಿದಳು. ಅಜಾಗ್ರತೆ ಇರಲಿಲ್ಲ, ಅತಿ ಜಾಗ್ರತೆಯಿತ್ತು. ಹಾಗಂತ ಬರೆಯಲೂ ನಾಚಿಕೆಯಾಗಿ "ನನ್ನಿಂದ" ಎಂದಷ್ಟೇ ಉಳಿಸಿದಳು. ಅಧಿಕಾರಿ ಕಾಗದವನ್ನು ಎರಡು ಸಲ ಓದಿ, ಫೋನು ಎತ್ತಿ, ಇಳಿಸಿ, "ಯಾವ ಚಿತ್ರ ಇದು? ಆ ಪುಸ್ತಕ ಬಂತಲ್ಲ, ಅದಾ? ಹನ್ನೊಂದು ವರ್ಷ ಸುಮ್ಮನಿದ್ದೋರು ಇನ್ನೊಂದು ಹನ್ನೊಂದು ವರ್ಷ ಸುಮ್ನಿದ್ದಿದ್ರೆ ಇಬ್ಬರೂ ರಿಟೈರ್ ಆಗ್ತಿದ್ವಲ್ಲಮ್ಮ," ಅಂದ. ಆಮೇಲೆ ದನಿ ಬದಲಿಸಿ, ಮೇಲಿನವರಿಗೆ ಕಳಿಸಬೇಕಾಗುತ್ತದೆ, ಆದೇಶ ಬರುವ ತನಕ ಡ್ಯೂಟಿಗೆ ಬರುವ ಹಾಗಿಲ್ಲ, ಗುರುತಿನ ಚೀಟಿ ಕೊಟ್ಟು ಹೋಗಿ ಎಂದ. ಅವಳು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಗಂಡನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದಾಗ ಅವನು, "ಊಟ ಮಾಡಿದ್ಯಾ?" ಅಂದ.

ಹೊರಗೆ ಹೋಗುವ ಬಾಗಿಲು ಬಲಕ್ಕಿತ್ತು. ಅವಳ ಕಾಲುಗಳು ಎಡಕ್ಕೆ ತಿರುಗಿ ಒಂಬತ್ತನೆಯ ಕೋಣೆಗೆ ಬಂದವು. ಚಿತ್ರದ ಮುಂದೆ ಪ್ರೊಫೆಸರ್ ನಿಂತಿದ್ದರು. ಕಂಕುಳಲ್ಲಿ ಅವರ ಪುಸ್ತಕ, ಕೈಯಲ್ಲಿ ಇದೇ ಚಿತ್ರದ ಒಂದು ಹಳೆಯ ಕಪ್ಪುಬಿಳುಪು ಫೋಟೋ. ಅವಳನ್ನು ನೋಡಿ ಫೋಟೋ ಚಾಚಿದರು. ಬೆಂಕಿಪೊಟ್ಟಣದಷ್ಟು ಚಿತ್ರ, ಮಬ್ಬು ಮಬ್ಬು. ಭೂತಗನ್ನಡಿಯನ್ನೂ ಕೊಟ್ಟರು. ಮೇಜು ಇರಬೇಕಾದಲ್ಲಿ ಒಂದು ಬಿಳಿ ಚುಕ್ಕೆ.

"ಪುಸ್ತಕ ಬರೆಯೋವಾಗ ಇದು ನನ್ನ ಮೇಜಿನ ಮೇಲೇ ಇತ್ತು," ಅಂದರು ಪ್ರೊಫೆಸರ್. "ಫಿಲ್ಮಿನ ದೋಷ ಅಂತ ಅಡಿಟಿಪ್ಪಣಿಯಲ್ಲಿ ಬರೆದೆ. ಅದು ದೋಷವೇ ಆಗಿರಲಿ ಅಂತ ನನಗೆ ಆಸೆಯಿತ್ತು. ಆಸೆಯಿತ್ತು ಅನ್ನೋದು ನನಗೆ ಆವಾಗಲೂ ಗೊತ್ತಿತ್ತು." ಗೋಡೆಯ ಕಡೆಗೇ ನೋಡುತ್ತ ಮಾತಾಡುತ್ತಿದ್ದರು. "ನಿಮ್ಮನ್ನ ಕ್ಷಮಿಸೋಕೆ ಇವತ್ತು ನನ್ನ ಕೈಲಿ ಆಗಲ್ಲ. ನಾಳೆಯೂ ಆಗುತ್ತೋ ಇಲ್ಲವೋ. ಆದ್ರೆ ತಿದ್ದುಪಡಿ ಬರೀಬೇಕು. ನೋಡಿರೋರು ನೀವೊಬ್ಬರೇ. ಹೇಳಿ."

ಪುಸ್ತಕದ ಖಾಲಿ ಹಾಳೆಯ ಮೇಲೆ ಪೆನ್ಸಿಲು ಹಿಡಿದರು. ಅವಳು ಹೇಳಿದಳು, ಅವರು ಬರೆದುಕೊಂಡರು. ಎಷ್ಟು ದೊಡ್ಡದು? ಕಿರುಬೆರಳ ಉಗುರಿನಷ್ಟು. ಬಣ್ಣ? ಬಿಳಿ ಅಂತ ಹೇಳೋಕಾಗಲ್ಲ, ಹಳದಿ ಮಿಶ್ರ. ಸಿಪ್ಪೆ? ಅರ್ಧ ಬಿಚ್ಚಿತ್ತು. ಚಾಕುವಿನಿಂದ ಎಷ್ಟು ದೂರ? ಒಂದು ಬೆರಳು. ಪ್ರೊಫೆಸರ್ ಅಕ್ಷರಗಳು ಬೋರ್ಡಿನ ಮೇಲಿನ ಹಾಗೆಯೇ ಗುಂಡಗಿದ್ದವು.

"ತುದಿ ಯಾವ ಕಡೆಗಿತ್ತು? ಹೆಂಗಸಿನ ಕೈ ಕಡೆಗಾ, ನಮ್ಮ ಕಡೆಗಾ?"

ಅವಳು ಬಾಯಿ ತೆರೆದಳು. ಚಿತ್ರವನ್ನು ನೋಡಿದಳು, ಕಣ್ಣು ಮುಚ್ಚಿ ಒಳಗೆ ನೋಡಿದಳು. ಬಟ್ಟಲು ಇತ್ತು, ಚಾಕು ಇತ್ತು, ತಡಕುವ ಕೈ ಇತ್ತು. ಎಸಳಿನ ಜಾಗದಲ್ಲಿ ನೆರಳಿತ್ತು. ಮೆಲ್ಲಗೆ, ಅದನ್ನು ಹೆದರಿಸಬಾರದು ಎಂಬಂತೆ, ಇನ್ನೊಮ್ಮೆ ನೋಡಿದಳು. ಎಂಟು ವರ್ಷ ದಿನಕ್ಕೆ ಏಳು ಗಂಟೆ ನೋಡಿದ್ದು. ಉಗುರು, ಹಳದಿ, ಸಿಪ್ಪೆ ಎಂಬ ಮಾತುಗಳು ಉಳಿದಿದ್ದವು, ಮಾತುಗಳ ಹಿಂದೆ ಏನೂ ಇರಲಿಲ್ಲ. ನೆರಳು ಮಾತ್ರ ಪ್ರೊಫೆಸರ್ ತೋರಿಸಿದ ಹಾಗೆ, ಅವರದೇ ವಾಕ್ಯಗಳಲ್ಲಿ, ಸ್ಪಷ್ಟವಾಗಿ ಬಿದ್ದಿತ್ತು. ಎಷ್ಟು ದಿನವಾಗಿರಬಹುದು ಹೀಗಾಗಿ? ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಮನಸ್ಸಿನಲ್ಲೇ ನೋಡಿದೆ ಅಂದುಕೊಂಡದ್ದು ಯಾವುದನ್ನು?

ಪ್ರೊಫೆಸರ್ ತಲೆಯೆತ್ತಿ ಕಾಯುತ್ತಿದ್ದರು. ಏನೋ ಒಂದು ಕಡೆ ಹೇಳಿಬಿಡಬಹುದಿತ್ತು, ಕೇಳುವವರು ಯಾರಿದ್ದಾರೆ?

"ಗೊತ್ತಾಗ್ತಿಲ್ಲ ಮೇಡಮ್," ಅಂದಳು.

ಪ್ರೊಫೆಸರ್ ಅವಳ ಮುಖವನ್ನು ಚಿತ್ರ ನೋಡುವ ಹಾಗೆ ನೋಡಿದರು. ಆಮೇಲೆ ಬಗ್ಗಿ, ಪೆನ್ಸಿಲು ಒತ್ತಿ, ಅದನ್ನೂ ಬರೆದುಕೊಂಡರು.